ಇಲ್ಲಿ ವೆಲ್ಡ್ ಬಿಡುವುದು

ಮದುವೆಗೆ ಹೋದರೆ ಜನ ಮದುಮಕ್ಕಳನ್ನು ನೋಡುತ್ತಾರೆ, ನಾನು ಹಂದರದ ಗಳ ಎಣಿಸುತ್ತೇನೆ. ಯಾವ ಗಳ ಯಾವುದರ ಮೇಲೆ ಕೂತಿದೆ, ಗಾಳಿ ಬಂದರೆ ಮೊದಲು ಯಾವುದು ಬೀಳುತ್ತದೆ ಎಂದು ನೋಡಿಕೊಂಡು, ಬಿದ್ದರೂ ನನ್ನ ಎಲೆಯ ಮೇಲೆ ಬೀಳದಂಥ ಜಾಗ ಹುಡುಕಿ ಊಟಕ್ಕೆ ಕೂರುತ್ತೇನೆ. ಉದ್ಯೋಗದಿಂದ ಈ ಸ್ವಭಾವ ಬಂತೋ, ಸ್ವಭಾವ ಮೊದಲೇ ಇದ್ದು ಅದಕ್ಕೆ ತಕ್ಕ ಉದ್ಯೋಗ ಸಿಕ್ಕಿತೋ, ನಲವತ್ತೇಳು ತುಂಬಿದರೂ ನನಗೆ ತಿಳಿದಿಲ್ಲ.

ನನ್ನ ಉದ್ಯೋಗ ಉಕ್ಕಿನ ಟಾಕಿಗಳ ಮಾಡಿಗೆ ಆಧಾರ ಕೊಡುವುದು. ಎಣ್ಣೆಯನ್ನೋ ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನೋ ತುಂಬಿಡುವ ದೊಡ್ಡ ದುಂಡು ಟಾಕಿಗಳ ಮೇಲೆ ತಗಡಿನ ಮಾಡು ಇರುತ್ತದಲ್ಲ, ಅದು ಕುಸಿಯದಂತೆ ಒಳಗೆ ನಡುಮಧ್ಯೆ ಒಂದು ಕಂಬ, ಕಂಬದ ತಲೆಯಿಂದ ಸುತ್ತಲ ಗೋಡೆಗೆ ಕೊಡೆಯ ಕಡ್ಡಿಗಳಂತೆ ಹರಡಿದ ಜಂತೆಗಳು. ಎಷ್ಟು ಜಂತೆ, ಎಷ್ಟು ದಪ್ಪ, ಕಂಬ ಎಷ್ಟು ಗಟ್ಟಿ ಎಂದು ಲೆಕ್ಕ ಹಾಕಿ ಚಿತ್ರ ಬರೆಯುವವನು ನಾನು. ಜನ ಮನೆ ಕಟ್ಟಿಸಿದರೆ ಒಳಗೆ ದೀಪ ಹಚ್ಚಿ ನೆಂಟರಿಗೆಲ್ಲ ತೋರಿಸುತ್ತಾರೆ. ನಾನು ಕಟ್ಟಿಸಿದ್ದರ ಒಳಗನ್ನು ಒಮ್ಮೆ ಮುಚ್ಚಿದ ಮೇಲೆ ಯಾರೂ ನೋಡುವುದಿಲ್ಲ. ಗೃಹಪ್ರವೇಶ ಮಾಡುವುದು ಕಾಕಂಬಿ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕ ಮುಗಿಯುತ್ತಿದ್ದ ವರ್ಷಗಳ ಮಾತು. ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಊರು ಮುಗಿಯುವಲ್ಲಿ ಮಚ್ಛೆ. ಅಲ್ಲಿನ ಒಂದು ವರ್ಕ್‌ಶಾಪಿನಲ್ಲಿ ನಾನು ಡಿಸೈನ್ ವಿಭಾಗ. ವಿಭಾಗದಲ್ಲಿ ಎಂದಲ್ಲ, ವಿಭಾಗವೇ ನಾನು. ನಾನು, ಒಂದು ಇಳಿಜಾರು ಮೇಜು, ಲೆಕ್ಕ ಹಾಕಲು ಒಂದು ಸ್ಲೈಡ್ ರೂಲು. ಒಬ್ಬನೇ ಇದ್ದರೂ ಆ ವಿಭಾಗದಲ್ಲಿ ಯಾವ ವಿಷಯಕ್ಕೂ ಒಮ್ಮತ ಬಂದದ್ದಿಲ್ಲ.

ಇರುವುದಕ್ಕೆ ವಡಗಾವಿಯಲ್ಲಿ ನೇಕಾರರ ಮನೆಯ ಅಟ್ಟದ ಮೇಲೊಂದು ಕೋಣೆ. ಕೆಳಗೆ ಎರಡು ಮಗ್ಗ. ಅವು ನಡೆಯುವಾಗ ಮಂಚ, ತಂಬಿಗೆ, ಗೋಡೆಯ ಕನ್ನಡಿ ಎಲ್ಲವೂ ನಡುಗುತ್ತಿದ್ದವು. ಬಂದ ಮೊದಲ ವಾರವೇ ಅಟ್ಟದ ತೊಲೆ ಎಷ್ಟು ಭಾರ ತಡೆದೀತೆಂದು ಲೆಕ್ಕ ಹಾಕಿದ್ದೆ. ಉತ್ತರ ಅಷ್ಟು ಸಮಾಧಾನಕರವಾಗಿರಲಿಲ್ಲ, ಮಂಚವನ್ನು ಗೋಡೆಯ ಪಕ್ಕಕ್ಕೆ ಸರಿಸಿದೆ. ರಜೆಯ ದಿನ ಮಗ್ಗ ನಿಂತಾಗ ಮಾತ್ರ ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೇನೆ ಎಂಬುದು ತಿಳಿಯುತ್ತಿತ್ತು. ಆಗ ತಂಬಿಗೆಯನ್ನು ನೋಡುತ್ತ ಕೂರುತ್ತಿದ್ದೆ, ಅದು ನಡುಗುತ್ತಿರಲಿಲ್ಲ.

ಮನೆಯೊಡತಿ ಮೆಟ್ಟಿಲ ಕೆಳಗಿನಿಂದಲೇ ವಿಚಾರಿಸುತ್ತಿದ್ದರು.

"ಇಂಜಿನೇರ್ರ, ಲಗ್ನಾ ಯಾವಾಗ್ರಿ?"

"ನೋಡಾಕತ್ತೀನ್ರಿ."

"ನೋಡಿ ನೋಡಿ ಚಾಳೀಸ ಬಂತ್ರಿ. ಇನ್ನ ಹುಡಿಗಿ ಕಂಡ್ರೂ ಕಾಣಂಗಿಲ್ಲ ನಿಮಗ."

ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ ಇತ್ತು. ಒಂದು ಹೆಣ್ಣು ನೋಡಿ ಬಂದ ಮೇಲೆ ನಾನು ಬರೆಯುವ ಸಾಧಕಬಾಧಕಗಳ ಪಟ್ಟಿ ಮುಗಿಯುವಷ್ಟರಲ್ಲಿ ಆಕೆಗೆ ಬೇರೆ ಕಡೆ ನಿಶ್ಚಯವಾಗಿರುತ್ತಿತ್ತು.

ಹೀಗಿದ್ದ ನನಗೆ ದಿನದಲ್ಲಿ ಮನಸ್ಸಿಟ್ಟು ಮಾತಾಡಲು ಇದ್ದವರು ಒಬ್ಬರೇ, ನಮ್ಮ ವೆಲ್ಡಿಂಗ್ ಮಿಸ್ತ್ರಿ. ಖಾನಾಪುರದವರು. ಮನೆಯಲ್ಲಿ ದಖ್ನಿ, ಬಜಾರದಲ್ಲಿ ಮರಾಠಿ, ನನ್ನ ಜೊತೆ ಕನ್ನಡ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ದೇಸೂರಿಗೆ ಬಂದಿಳಿದು, ಸ್ಟೇಶನ್ನಿನ ಹತ್ತಿರ ಇಟ್ಟಿರುತ್ತಿದ್ದ ಸೈಕಲ್ ಹತ್ತಿ ಮಚ್ಛೆಗೆ ಬರುತ್ತಿದ್ದರು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಮಾಲಕರ ಎದುರಿಗೆ ನನ್ನನ್ನು 'ಸಾಹೇಬ್ರ' ಎನ್ನುತ್ತಿದ್ದವರು ಊಟದ ಹೊತ್ತಿಗೆ ಏಕವಚನಕ್ಕಿಳಿದು 'ತಮ್ಮಾ' ಎನ್ನುತ್ತಿದ್ದರು. ಆ ಏಕವಚನಕ್ಕಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ ಎಂದು ಆಗ ಹೇಳಿದ್ದರೆ ನಾಚಿಕೊಳ್ಳುತ್ತಿದ್ದೆ. ಅವರ ಡಬ್ಬಿಯಲ್ಲಿ ಯಾವಾಗಲೂ ನನ್ನ ಪಾಲಿನ ಎರಡು ರೊಟ್ಟಿ ಹೆಚ್ಚಿಗೆ ಇರುತ್ತಿದ್ದವು.

"ತಿನ್ನು ತಮ್ಮಾ. ಇವತ್ತ ಯಾವ ಚಿಂತಿ?"

"ಹೋದ ತಿಂಗಳ ಕಳಿಸಿದ್ವಲ್ಲ, ಆ ಟಾಕಿ. ಜೋರ ಗಾಳಿ ಬಂದ್ರ ಹ್ಯಾಂಗ ಅಂತ."

"ಗಾಳಿ ಬಂದ್ರ ನಿನ್ನ ಲೆಕ್ಕದ ಹಾಳಿ ಹಾರ್ತಾವ. ನನ್ನ ಟಾಕಿ ಹಾರೂದಿಲ್ಲ. ಪಲ್ಲೆ ಹಚಗೋ."

ಹೀಗೆ ದಿನಕ್ಕೊಂದು ಚಿಂತೆಯನ್ನು ಅವರ ಮುಂದಿಡುವುದು, ಅವರು ಅದನ್ನು ರೊಟ್ಟಿಯ ಜೊತೆ ಮುರಿದು ಹಾಕುವುದು. ನಾಲ್ಕು ವರ್ಷ ನಡೆದಿತ್ತು.

ಆಗ ಬಂತು ಕಾಕಂಬಿ ಟಾಕಿ. ಖಾನಾಪುರದಿಂದ ಆರೇಳು ಮೈಲಿ ಆಚೆ ಒಂದು ಸಕ್ಕರೆ ಕಾರ್ಖಾನೆಗೆ. ಅಡ್ಡಳತೆ ಹದಿನೆಂಟು ಮೀಟರು. ಅದುವರೆಗೆ ನಾವು ಕಟ್ಟಿದ್ದೆಲ್ಲ ಸಣ್ಣವು, ಅವುಗಳ ಮಾಡು ಪಾತ್ರೆಯ ಮುಚ್ಚಳದ ಹಾಗೆ ತನ್ನಷ್ಟಕ್ಕೆ ನಿಲ್ಲುತ್ತಿತ್ತು. ಒಳಗೆ ಕಂಬ, ಜಂತೆ ಬೇಕಾದ ಟಾಕಿ ವರ್ಕ್‌ಶಾಪಿಗೆ ಮೊದಲನೆಯದು, ಮಿಸ್ತ್ರಿಗೂ ಮೊದಲನೆಯದು. ನನಗೂ ಮೊದಲನೆಯದು ಎಂಬುದನ್ನು ನಾನು ಮಾಲಕರಿಗೆ ಒತ್ತಿ ಹೇಳಲಿಲ್ಲ.

ಇಂಥ ಟಾಕಿಗೆ ಒಂದು ವಿಚಿತ್ರ ನಿಯಮವಿದೆ. ಮಾಡಿನ ತಗಡು ಜಂತೆಗಳ ಮೇಲೆ ಸುಮ್ಮನೆ ಮಲಗಿರಬೇಕು, ಅವಕ್ಕೆ ಅಂಟಿರಬಾರದು. ಅದನ್ನು ಹಿಡಿದಿಡುವುದು ಗೋಡೆಯ ಅಂಚಿನ ಸುತ್ತ ಒಂದು ತೆಳುವಾದ ವೆಲ್ಡ್ ಮಾತ್ರ. ಕಾಕಂಬಿ ಹುಳಿತು ಒಳಗೆ ಗ್ಯಾಸು ಕಟ್ಟಿಕೊಂಡಿತೆನ್ನಿ. ಆಗ ಆ ತೆಳು ವೆಲ್ಡ್ ಮೊದಲು ಹರಿಯಬೇಕು, ಮಾಡು ಒಂದು ಕಡೆ ಎದ್ದು ಗ್ಯಾಸು ಹೊರಗೆ ಹೋಗಬೇಕು, ಗೋಡೆ ಉಳಿಯಬೇಕು. ತಗಡನ್ನು ಜಂತೆಗೆ ಬೆಸೆದುಬಿಟ್ಟರೆ ಏಳುವ ಮಾಡು ಜಂತೆಯನ್ನು ಎಳೆಯುತ್ತದೆ, ಜಂತೆ ಗೋಡೆಯನ್ನು ಎಳೆಯುತ್ತದೆ. ಗೋಡೆ ಸೀಳಿದರೆ ಆಳೆತ್ತರದ ಕಾಕಂಬಿ ಹೊರಗೆ ನುಗ್ಗಿ ಎದುರಿಗಿದ್ದವರನ್ನೆಲ್ಲ ಎತ್ತಿಕೊಂಡು ಹೋಗುತ್ತದೆ. ಎರವಲು ತಂದ ಪುಸ್ತಕವೊಂದರಲ್ಲಿ ಇದನ್ನು ಓದಿದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ.

ಲೆಕ್ಕಕ್ಕೆ ಎರಡು ತಿಂಗಳು ಹಿಡಿಯಿತು. ಮೂವತ್ತು ಜಂತೆ. ಕಂಬ ಬಾಗೀತೇ ಎಂದು ಮೂರು ಬಗೆಯಲ್ಲಿ ನೋಡಿದೆ. ಖಾನಾಪುರದ ಮಳೆ ಗೊತ್ತಿದ್ದವನಾದ್ದರಿಂದ ಮಾಡಿನ ಮೇಲೆ ನೀರು ನಿಂತರೆ ಎಂದು ನೋಡಿದೆ. ರಿಪೇರಿಗೆಂದು ಹತ್ತು ಜನ ಒಟ್ಟಿಗೆ ಹತ್ತಿ ಒಂದೇ ಕಡೆ ನಿಂತರೆ ಎಂದು ನೋಡಿದೆ. ಆ ಹತ್ತು ಜನರೂ ದಪ್ಪಗಿದ್ದರೆ ಎಂದೂ ನೋಡಿದೆ.

ಉಳಿದದ್ದು ಡ್ರಾಯಿಂಗ್ ಮೇಲಿನ ಸೂಚನೆಗಳು. ನಮ್ಮ ಡ್ರಾಯಿಂಗುಗಳೆಲ್ಲ ಇಂಗ್ಲಿಷಿನಲ್ಲಿ ಇರುತ್ತಿದ್ದವು. ಮಿಸ್ತ್ರಿಗೆ ಇಂಗ್ಲಿಷ್ ಬಾರದು, ಕನ್ನಡ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದ್ದರು. ಮಚ್ಛೆಯ ಕೆಲಸವಾದರೆ ನಾನೇ ಹಾಳೆ ಹಿಡಿದು ಪಕ್ಕದಲ್ಲಿ ಕೂತು ಹೇಳುತ್ತಿದ್ದೆ. ಈ ಸಲ ಅವರು ತಿಂಗಳುಗಟ್ಟಲೆ ಕಾರ್ಖಾನೆಯ ಬಯಲಿನಲ್ಲಿ, ನಾನು ಇಲ್ಲಿ. ಆದ್ದರಿಂದ ಮುಖ್ಯ ಸೂಚನೆಗಳನ್ನು ಕನ್ನಡದಲ್ಲಿ ಬರೆಯುವುದೆಂದು ನಿಶ್ಚಯಿಸಿದೆ. ಈ ಊರಿನಲ್ಲಿ ಉಕ್ಕಿನ ಕೆಲಸದ ಹಾಳೆಯ ಮೇಲೆ ಕನ್ನಡ ಬರೆದ ಮೊದಲಿಗ ನಾನೇ ಇರಬೇಕೆಂದು ಹೆಮ್ಮೆಯೂ ಆಯಿತು.

ತಗಡು ಮತ್ತು ಜಂತೆ ಸೇರುವ ಜಾಗಕ್ಕೆ ಮೊದಲು 'ಬೆಸೆಯತಕ್ಕದ್ದಲ್ಲ' ಎಂದು ಬರೆದೆ. ಮಾಮಲೇದಾರ ಕಚೇರಿಯ ನೋಟೀಸಿನಂತೆ ಕಂಡಿತು, ಅಳಿಸಿದೆ. 'ವೆಲ್ಡ್ ಮಾಡಬೇಡಿ' ಎಂದು ಬರೆದೆ. ಮೂವತ್ತು ಜಂತೆಗೆ ಮೂವತ್ತು ಸಲ ಬೇಡಿ, ಬೇಡಿ ಎಂದು ಹಿರಿಯರನ್ನು ಗದರಿದಂತೆ ಅನ್ನಿಸಿತು. ಅದನ್ನೂ ಅಳಿಸಿದೆ. ಕೊನೆಗೆ ಪ್ರತಿ ಜಂತೆಗೂ ಒಂದು ಬಾಣ ಎಳೆದು, ದುಂಡಾದ ಅಕ್ಷರದಲ್ಲಿ, 'ಇಲ್ಲಿ ವೆಲ್ಡ್ ಬಿಡುವುದು' ಎಂದು ಬರೆದೆ. ಚಿಕ್ಕದು, ಮರ್ಯಾದೆಯದು. ದೂರ ನಿಂತು ನೋಡಿ ತಲೆದೂಗಿದ್ದು ನೆನಪಿದೆ. ಇಡೀ ಟಾಕಿಯಲ್ಲಿ ನಾನು ಎರಡನೆಯ ಸಲ ಪರೀಕ್ಷಿಸದೇ ಬಿಟ್ಟದ್ದು ಆ ಮೂರು ಪದಗಳನ್ನು ಮಾತ್ರ.

ಬಿಸಿಲು ಏರುತ್ತಿದ್ದ ದಿನಗಳಲ್ಲಿ, ಮಾಡಿನ ಕೆಲಸ ಮುಗಿಯಿತು, ಬಂದು ನೋಡಬೇಕು ಎಂದು ಸುದ್ದಿ ಬಂತು. ಗಾಡಿಯಲ್ಲಿ ಖಾನಾಪುರ, ಅಲ್ಲಿಂದ ಕಾರ್ಖಾನೆಯ ಟ್ರಕ್ಕು. ಮಾಲಕರು ಮತ್ತು ಕಾರ್ಖಾನೆಯ ಇಂಜಿನಿಯರು ಮಧ್ಯಾಹ್ನ ಬರುವವರಿದ್ದರು. ನಾನು ವಾಡಿಕೆಯಂತೆ ಮೂರು ತಾಸು ಮೊದಲೇ ಹೋಗಿದ್ದೆ.

ಟಾಕಿಯ ಬುಡದಲ್ಲಿ ಒಬ್ಬ ಮನುಷ್ಯ ತೂರುವಷ್ಟು ದುಂಡು ಕಿಂಡಿ ಇರುತ್ತದೆ. ತೂರಿ ಒಳಗೆ ಹೋದೆ. ಸೆಕೆ, ಕತ್ತಲು. ಒಮ್ಮೆ ಕೆಮ್ಮಿದರೆ ಸುತ್ತಲಿಂದ ಹತ್ತು ಜನ ಕೆಮ್ಮಿದಂತೆ ಕೇಳುತ್ತಿತ್ತು. ಬ್ಯಾಟರಿಯನ್ನು ಮೇಲಕ್ಕೆ ಹಿಡಿದೆ. ಎರಡು ತಿಂಗಳು ಮೇಜಿನ ಮೇಲೆ ಗೆರೆಗಳಾಗಿದ್ದದ್ದು ತಲೆಯ ಮೇಲೆ ಹರಡಿ ನಿಂತಿತ್ತು. ಕಂಬ, ಕಂಬದ ತಲೆಯಿಂದ ಹೊರಟ ಮೂವತ್ತು ಜಂತೆ. ಎಲ್ಲ ನಾನು ಹೇಳಿದ ಜಾಗದಲ್ಲೇ. ಒಂದು ಕ್ಷಣ ನನಗೆ ಯಾವ ಚಿಂತೆಯೂ ಇರಲಿಲ್ಲ. ಒಂದು ಕ್ಷಣ ಎಂದರೆ ಸರಿಯಾಗಿ ಒಂದೇ ಕ್ಷಣ.

ಆಮೇಲೆ ಕಂಡಿತು, ಪ್ರತಿ ಜಂತೆಯ ಎರಡೂ ಬದಿಗೆ ತಗಡಿನ ಉದ್ದಕ್ಕೂ ಹೊಳೆಯುವ ಪಟ್ಟಿ. ಅಟ್ಟಣಿಗೆ ಇನ್ನೂ ಬಿಚ್ಚಿರಲಿಲ್ಲ, ಹತ್ತಿ ಹೋಗಿ ಬೆರಳಿಂದ ಮುಟ್ಟಿ ನೋಡಿದೆ. ಮೀನಿನ ಪರೆಯಂತೆ ಒಂದರ ಮೇಲೊಂದು ಒಂದೇ ಅಳತೆಯಲ್ಲಿ ಕೂತ ವೆಲ್ಡ್. ಅಷ್ಟು ಚೆಂದದ ವೆಲ್ಡನ್ನು ನಾನು ಆಮೇಲೆಯೂ ಎಲ್ಲೂ ನೋಡಿಲ್ಲ.

ಮಿಸ್ತ್ರಿ ಕಿಂಡಿಯಿಂದ ಒಳಗೆ ಬಂದು ಅಟ್ಟಣಿಗೆ ಹತ್ತಿದರು. "ಹ್ಯಾಂಗೈತಿ ತಮ್ಮಾ? ಮೂವತ್ತೂ ಮುಗಿಸೇನಿ. ಕುತಿಗಿ ನೋಡಿಲ್ಲೆ."

ಕೈ ಮೇಲೆತ್ತಿ ಹಾಕುವ ವೆಲ್ಡಿನ ಕಿಡಿಗಳೆಲ್ಲ ಹಾಕುವವನ ಮೇಲೆಯೇ ಬೀಳುತ್ತವೆ. ಅವರ ಕುತ್ತಿಗೆಯ ಸುತ್ತ ಸುಟ್ಟ ಚುಕ್ಕೆಗಳಿದ್ದವು.

"ಮಿಸ್ತ್ರಿ, ಇದನ್ನ ಯಾಕ ವೆಲ್ಡ್ ಮಾಡಿದ್ರಿ?"

"ಯಾಕಂದ್ರ? ನೀನ ಬರದೀಯಲ್ಲ!"

"ನಾ ಬಿಡೂದು ಅಂತ ಬರದೀನ್ರಿ."

"ಹೌದಲ್ಲ. ಬಿಡೂದು ಅಂತ ಬರದಿ, ಬಿಟ್ಟೇನಿ."

"ಬಿಡೂದು ಅಂದ್ರ ಬಿಡೂದ್ರಿ! ಮಾಡಬಾರದು ಅಂತ!"

"ನೀರ ಬಿಡು ಅಂದ್ರ ಏನ ಮಾಡ್ತಿ ತಮ್ಮಾ? ನಳಾ ಬಂದ್ ಮಾಡ್ತಿಯೇನ? ಗಾಡಿ ಬಿಡು ಅಂದ್ರ ಇಳದು ಮನಿಗೆ ಹೋಗ್ತಿಯೇನ? ವರ್ಕ್‌ಶಾಪಿನ್ಯಾಗ ದಿನಾ ಹೊತ್ತ ಮುಣಗೂತನಕ ರಾಡ್ ಬಿಡು, ಇನ್ನೊಂದ ಪಟ್ಟಿ ಬಿಡು ಅಂತ ಒದರತೀವಿ. ನಿನ್ನ ಕಿವ್ಯಾಗ ಒಂದಿನಾನೂ ಬಿದ್ದಿಲ್ಲೇನ?"

ಬಿದ್ದಿತ್ತು. ನಾಲ್ಕು ವರ್ಷ ಬಿದ್ದಿತ್ತು. ಹಾಕು ಎನ್ನುವಲ್ಲಿ ಅವರು ಬಿಡು ಎನ್ನುತ್ತಾರೆಂದು ಯಾರಾದರೂ ಕೇಳಿದ್ದರೆ ನಾನೇ ವಿವರಿಸುತ್ತಿದ್ದೆ. ಬರೆಯಲು ಕೂತಾಗ ಮಾತ್ರ ನಾನ್ಯಾವುದೋ ಪಠ್ಯಪುಸ್ತಕದ ಕನ್ನಡಕ್ಕೆ ಹೋಗಿ ಕೂತಿದ್ದೆ.

"ನನಗೂ ಅನಸಿತ್ತು," ಎಂದರು ಮಿಸ್ತ್ರಿ. "ಇಲ್ಲೆ ಇಷ್ಟ ವೆಲ್ಡ್ ಯಾಕ ಬೇಕು ಅಂತ. ಆದ್ರ ಬರದಾಂವ ನೀ. ಅಂಜಬುರಕ ಮನಶ್ಯಾ. ಗಾಳಿಗೆ ಅಂಜಿ ಹಾಕ್ಸಿರಬೇಕು ಅಂತ ಸುಮ್ಮನಾದೆ."

ವೆಲ್ಡ್ ಯಾಕೆ ಕೂಡದೆಂದು ಹೇಳಿದೆ. ಗ್ಯಾಸು, ಅಂಚು, ಗೋಡೆ, ಎಲ್ಲ. ಅವರು ಅಟ್ಟಣಿಗೆಯ ಹಲಗೆಯ ಮೇಲೆ ಕೂತು ಕೇಳಿದರು.

"ಹಂಗಾರ ಮೂವತ್ತೂ ಕಡೀಬೇಕು?"

"ಮೂವತ್ತೂ."

"ಯಾ ಅಲ್ಲಾ! ಬಿಡು ಅಂತ ಒಂದ ಸಲಾ ಬರದು ಎರಡ ಸಲಾ ದುಡಸ್ತೀಯಲ್ಲೋ!" ಎಂದು ನಕ್ಕರು. ನನಗೂ ನಗು ಬಂತು. ಅಷ್ಟು ದೊಡ್ಡ ಟಾಕಿ ನಮ್ಮಿಬ್ಬರ ನಗುವನ್ನು ಸುತ್ತ ತಿರುಗಿಸಿ ವಾಪಸು ಕೊಟ್ಟಿತು. ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಮಧ್ಯಾಹ್ನ ಮಾಲಕರು ಬಂದರು, ಜೊತೆಗೆ ಕಾರ್ಖಾನೆಯ ಇಂಜಿನಿಯರು. ಮೈಸೂರು ಕಡೆಯವರು, ಮಾತು ಮೆತ್ತಗೆ, ಕಣ್ಣು ಚುರುಕು. ಬ್ಯಾಟರಿ ಮೇಲಕ್ಕೆ ಹಿಡಿದವರು ಹಾಗೇ ನಿಂತರು.

"ಇದೇನ್ರೀ ಇದು? ಜಂತೆಗೆಲ್ಲ ವೆಲ್ಡ್ ಮಾಡಿಬಿಟ್ಟಿದ್ದೀರಲ್ಲ. ಯಾರು ಮಾಡಿಸಿದ್ದು?"

ಮಾಲಕರು ಮಿಸ್ತ್ರಿಯ ಕಡೆ ತಿರುಗಿದರು. "ಏನ ಮಿಸ್ತ್ರಿ? ಡ್ರಾಯಿಂಗ್ ನೋಡೀರೋ ಇಲ್ಲೋ?"

ಮಿಸ್ತ್ರಿ ನನ್ನ ಕಡೆ ನೋಡಿದರು. ಕೋಪದಿಂದಲ್ಲ. ಈಗ ಇವನು ಹೇಳುತ್ತಾನೆ, ಮುಗಿಯುತ್ತದೆ ಎಂಬಂತೆ, ಸರದಿಗೆ ಕಾಯುವವರ ಹಾಗೆ ನೋಡಿದರು. ಡ್ರಾಯಿಂಗು ಸುರುಳಿಯಾಗಿ ನನ್ನ ಕಂಕುಳಲ್ಲೇ ಇತ್ತು. ಕಂಬ ಬಾಗಿದರೆ ಏನು ಹೇಳಬೇಕು, ಜಂತೆ ಜಗ್ಗಿದರೆ ಏನು ಹೇಳಬೇಕು, ತಳ ಕುಸಿದರೆ ಯಾವ ಪುಸ್ತಕದ ಯಾವ ಪುಟ ತೋರಿಸಬೇಕು, ಇವಕ್ಕೆಲ್ಲ ನನ್ನಲ್ಲಿ ಮಾತು ತಯಾರಿತ್ತು. 'ತಪ್ಪು ನನ್ನದು' ಎಂಬುದಕ್ಕೆ ತಯಾರಿ ಇರಲಿಲ್ಲ. ನಾನು ಕಂಬವನ್ನು ನೋಡುತ್ತ ನಿಂತೆ.

"ಡ್ರಾಯಿಂಗ್ ಓದಾಕ ಬರದವರಿಗೆ ಇಂಥಾ ಕೆಲಸ ಕೊಟ್ಟಿದ್ದ ತಪ್ಪಾತು," ಎಂದರು ಮಾಲಕರು. "ನಾಳಿಂದ ಬರಬ್ಯಾಡ್ರಿ. ಕಡ್ಯಾಕ ಬ್ಯಾರೆ ಮಂದಿ ಹಚ್ಚತೀನಿ."

ಮಿಸ್ತ್ರಿ ಕೈಗವಸು, ಕಪ್ಪುಗಾಜಿನ ಮುಖಪರದೆ ಎತ್ತಿಕೊಂಡರು. ಕಿಂಡಿಯ ಹತ್ತಿರ ಬಗ್ಗುವ ಮೊದಲು ತಿರುಗಿ, "ಬರತೇನ್ರಿ ಸಾಹೇಬ್ರ," ಎಂದರು. ಮಾಲಕರಿಗೆ ಹೇಳಿದರೆಂದು ಮಾಲಕರು ತಿಳಿದರು.

ಮುಂದಿನ ನಾಲ್ಕು ದಿನ ವರ್ಕ್‌ಶಾಪಿನಲ್ಲಿ ಯಾರೂ ನನಗೆ ಏನೂ ಅನ್ನಲಿಲ್ಲ. ಅನ್ನುವವರು ಯಾರಿದ್ದರು, ಇದ್ದೊಬ್ಬರು ಮನೆಗೆ ಹೋಗಿದ್ದರು. ಊಟದ ಹೊತ್ತಿಗೆ ಹೊರಗಿನ ಅಂಗಡಿಯಿಂದ ಬಾಳೆಹಣ್ಣು ತಂದು ಮೇಜಿನ ಬಳಿ ತಿನ್ನುತ್ತಿದ್ದೆ. ಮಾಲಕರ ಕೋಣೆಯ ಬಾಗಿಲವರೆಗೆ ಏಳೆಂಟು ಸಲ ಹೋಗಿರಬೇಕು. ಒಮ್ಮೆ ಅವರು ತಲೆಯೆತ್ತಿ ಏನು ಎಂದರು. ಟ್ರೇಸಿಂಗ್ ಹಾಳೆ ತೀರಿದೆ ಎಂದೆ. ಮರುದಿನ ದೊಡ್ಡ ಸುರುಳಿಯೇ ಬಂತು.

ರವಿವಾರ ಗಾಡಿ ಹತ್ತಿ ಖಾನಾಪುರಕ್ಕೆ ಹೋದೆ. ಮಿಸ್ತ್ರಿಯ ಮನೆ ಕೇಳಿಕೊಂಡು ಹೋಗಬೇಕಾಯಿತು. ನಾಲ್ಕು ವರ್ಷ ಅವರ ಮನೆಯ ರೊಟ್ಟಿ ತಿಂದವನು ಆ ಮನೆ ಯಾವ ಓಣಿಯಲ್ಲಿದೆ ಎಂದು ಕೇಳಿರಲಿಲ್ಲ. ಅವರ ಹೆಂಡತಿ ಬಾಗಿಲು ತೆಗೆದರು. ನಾನು ಯಾರೆಂದು ಹೇಳುವಷ್ಟರಲ್ಲಿ, "ಗೊತ್ತಾತ್ರಿ, ತಮ್ಮಾ ಅಂತಿರ್ತಾರಲ್ಲ, ಅವರಲ್ರಿ? ಬರ್ರಿ, ಕುಂದರ್ರಿ. ಹಿಂದ ಅದಾರ, ಕರೀತೀನಿ," ಎಂದು ಚಾಪೆ ಹಾಸಿ, ಒಳಗೆ ಹೋಗಿ ಚಹಾಕ್ಕೆಂದು ಸ್ಟೋವ್ ಹಚ್ಚಿದರು.

ಮಿಸ್ತ್ರಿ ಕೈ ಒರೆಸುತ್ತ ಬಂದು ಎದುರಿಗೆ ಕೂತರು. ಗಾಡಿಯಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ನಾನು ಒಂದೇ ಉಸಿರಿಗೆ ಹೇಳಿದೆ. ತಪ್ಪು ನನ್ನದು, ಪದ ನನ್ನದು, ನೀವು ಬರೆದಂತೆಯೇ ಮಾಡಿದಿರಿ, ಅವತ್ತು ನನ್ನ ಬಾಯಿ ಏಳಲಿಲ್ಲ.

ಅವರು ಪೂರ್ತಿ ಕೇಳಿದರು.

"ಮಾಲಕರು ಏನಂದ್ರು?"

"ಅವರಿಗೆ ನಾಳೆ ಹೇಳ್ತೀನ್ರಿ."

"ಅಂದ್ರ ಇನ್ನೂ ಹೇಳಿಲ್ಲ."

"ನಾಳೆ ಖರೇನ ಹೇಳ್ತೀನಿ, ಮಿಸ್ತ್ರಿ."

"ಮತ್ತ ಇಲ್ಲಿ ಯಾಕ ಬಂದ್ರಿ ಸಾಹೇಬ್ರ? ಇಲ್ಲಿ ಎಲ್ಲಾರಿಗೂ ಗೊತ್ತೈತಿ."

ಮೊದಲು ಕ್ಷಮೆ ಇಸಿದುಕೊಂಡು ಆಮೇಲೆ ತಪ್ಪೊಪ್ಪಿಕೊಂಡರೆ ಸಲೀಸು ಎಂಬ ಲೆಕ್ಕ ಮನಸ್ಸಿನ ಯಾವುದೋ ಮೂಲೆಯಲ್ಲಿತ್ತು. ಅವರ ಮುಂದೆ ಕೂತಾಗಲೇ ನನಗೂ ಅದು ಕಂಡದ್ದು. ಮಿಸ್ತ್ರಿ ಒಳಗಿನ ಕಡೆ ತಿರುಗಿ ದಖ್ನಿಯಲ್ಲಿ ಎರಡು ಮಾತು ಹೇಳಿದರು. ಸ್ಟೋವಿನ ಸದ್ದು ನಿಂತಿತು.

ಮರಳುವ ಗಾಡಿಗೆ ಇನ್ನೂ ಮೂರು ತಾಸಿತ್ತು. ಖಾನಾಪುರದ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ. ಎದುರು ದಿಕ್ಕಿನ ಗಾಡಿಯೊಂದು ಬಂದು, ನಿಂತು, ಹೋಯಿತು. ಯಾರೋ ಒಬ್ಬರು ಮರಾಠಿಯಲ್ಲಿ ಟೈಮು ಕೇಳಿದರು. ಹೇಳಿದೆ. ಆ ಮೂರು ತಾಸಿನಲ್ಲಿ ನನ್ನ ಅಗತ್ಯ ಬಿದ್ದದ್ದು ಅದೊಂದಕ್ಕೆ.

ಸೋಮವಾರ ಮಾಲಕರ ಎದುರು ನಿಂತು ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

"ಕುಂದರ್ರಿ. ಅದು ನನಗ ಅವತ್ತ ಗೊತ್ತಿತ್ತು. ನಿಮ್ಮ ಅಕ್ಷರ ನನಗ ಗೊತ್ತಿಲ್ಲೇನು?"

"ಮತ್ತ ಮಿಸ್ತ್ರಿಗೆ ಯಾಕ..."

"ಕೈ ತಪ್ಪೇತಿ ಅಂದ್ರ ಕೈ ತಿದ್ದಿದ್ರ ಮುಗೀತು. ತಲಿ ತಪ್ಪೇತಿ ಅಂದ್ರ ಆ ಮೈಸೂರ ಮನಶ್ಯಾ ಕಂಬದಿಂದ ಹಿಡದು ಎಲ್ಲಾ ಲೆಕ್ಕಾ ತಿರುಗಿ ಕೇಳ್ತಾನ. ಮಳಿ ಬರೂದ್ರಾಗ ಟಾಕಿ ಒಪ್ಪಸಬೇಕು ನಾ."

"ಕೇಳ್ಲಿರಿ. ಮಿಸ್ತ್ರಿನ್ನ ಕರಸ್ರಿ."

ಅವರು ಪೆನ್ನು ಕೆಳಗಿಟ್ಟರು. "ಕರಸ್ತೀನಿ. ಆದ್ರ ಆ ಇಂಜಿನಿಯರ ಮುಂದ ನೀವ ಹೋಗಿ ಹೇಳಬೇಕು. ನಾ ಹೇಳಂಗಿಲ್ಲ."

ಹೇಳಿದೆ. ಕಾರ್ಖಾನೆಯ ಆಫೀಸಿನಲ್ಲಿ ಇಂಜಿನಿಯರು ಡ್ರಾಯಿಂಗು ಹರಡಿ, ಕನ್ನಡಕ ಏರಿಸಿ, ಆ ಸಾಲನ್ನು ಗಟ್ಟಿಯಾಗಿ ಓದಿದರು.

"ಇಲ್ಲಿ ವೆಲ್ಡ್ ಬಿಡುವುದು. ಸರಿಯಾಗೇ ಇದೆಯಲ್ರೀ?"

"ಇಲ್ರಿ ಸರ್. ನಮ್ಮ ಕಡೆ ವೆಲ್ಡ್ ಬಿಡೂದು ಅಂದ್ರ ಹಾಕೂದು."

"ಹಾಕೋದಕ್ಕೆ ಬಿಡೋದು ಅಂತೀರಾ? ಮತ್ತೆ ಬಿಡೋದಕ್ಕೆ ಏನಂತೀರಿ?"

"ಅದಕ್ಕೂ ಬಿಡೂದು ಅಂತೀವ್ರಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಲೆಕ್ಕದ ಹಾಳೆಗಳನ್ನೆಲ್ಲ ತಂದುಕೊಡಿ."

ಎಂಟು ದಿನ ಅವರು ನನ್ನ ಎರಡು ತಿಂಗಳನ್ನು ಸಾಲುಸಾಲಾಗಿ ನೋಡಿದರು. ಒಂಬತ್ತನೆಯ ದಿನ ಹಾಳೆಗಳನ್ನು ನನ್ನ ಕಡೆ ತಳ್ಳಿದರು. "ತಪ್ಪೇನೂ ಇಲ್ಲ. ಆದರೆ ಇಷ್ಟು ದಪ್ಪ ಕಂಬ ಯಾಕ್ರೀ? ಇದರ ತಲೆ ಮೇಲೆ ಇನ್ನೊಂದು ಟಾಕಿ ಕೂರಿಸಬಹುದು." ಜೀವನದಲ್ಲಿ ನನ್ನ ಚಿಂತೆಗೆ ಸಿಕ್ಕ ಅತಿ ದೊಡ್ಡ ಪ್ರಮಾಣಪತ್ರ ಅದು. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮಿಸ್ತ್ರಿ ಬಂದರು. ಕಡಿಯಲು ಬೇರೆ ಮಂದಿ ಇನ್ನೂ ಸಿಕ್ಕಿರಲಿಲ್ಲ. ಮೂವತ್ತು ಜಂತೆಗಳ ವೆಲ್ಡ್ ಕಡಿಯುವ ಕೆಲಸ ಹಾಕುವ ಕೆಲಸಕ್ಕಿಂತ ಕಠಿಣ. ಗ್ರೈಂಡರು ಹಿಡಿದು ತಲೆಯ ಮೇಲೆ ಉಜ್ಜಬೇಕು, ತಗಡಿಗೆ ಗಾಯವಾಗಬಾರದು, ಕೊನೆಯ ತುಣುಕನ್ನು ಉಳಿ ಹಿಡಿದು ಬಿಡಿಸಬೇಕು. ದೀಪ ಹಿಡಿಯಲು ನಾನೇ ನಿಂತೆ. ಯಾರೂ ನಿಲ್ಲೆಂದಿರಲಿಲ್ಲ.

ಅವರು ಮಾತು ನಿಲ್ಲಿಸಿದ್ದರೆ ಸಹಿಸಬಹುದಿತ್ತು. ನಿಲ್ಲಿಸಲಿಲ್ಲ, ಬೇಕಾದಷ್ಟು ಆಡುತ್ತಿದ್ದರು. "ಲೈಟ್ ಈ ಬಾಜು ಹಿಡೀರಿ." "ಸರೀರಿ, ಕಿಡಿ ಬೀಳ್ತಾವ." "ಕಣ್ಣ ಮುಚಗೊಳ್ರಿ ಸಾಹೇಬ್ರ." ಎಲ್ಲ ಬಹುವಚನ. ಊಟಕ್ಕೆ ಅವರು ಟಾಕಿಯ ನೆರಳಿನಲ್ಲಿ ಜೊತೆಗಾರರ ನಡುವೆ ಕೂರುತ್ತಿದ್ದರು. ನಾನು ಕಾರ್ಖಾನೆಯ ಕ್ಯಾಂಟೀನಿಗೆ ಹೋಗುತ್ತಿದ್ದೆ. ಒಂದು ದಿನ ಗ್ರೈಂಡರು ಅಬ್ಬರಿಸುತ್ತಿದ್ದಾಗ, ಅದರ ಸದ್ದಿನ ಮರೆಯಲ್ಲಿ, ಅವರ ಬೆನ್ನಿಗೆ ಹೇಳಿದೆ, ನನ್ನದು ತಪ್ಪಾಯಿತು ಮಿಸ್ತ್ರಿ, ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಎಂದು. ಅರ್ಧಕ್ಕೇ ಗ್ರೈಂಡರು ನಿಂತಿತು.

"ಏನರೀ?"

"ಏನಿಲ್ರಿ."

ಮತ್ತೆ ಶುರುವಾಯಿತು.

ಕೊನೆಯ ಜಂತೆ ಮುಗಿದ ದಿನ ಮುಗಿಲು ಕಟ್ಟಿತ್ತು. ಮಿಸ್ತ್ರಿ ಒಂದು ಹ್ಯಾಕ್ಸಾ ಬ್ಲೇಡು ನನ್ನ ಕೈಗಿತ್ತರು. ತಗಡಿಗೂ ಜಂತೆಗೂ ನಡುವೆ ಬ್ಲೇಡು ತೂರಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದುಕೊಂಡು ಹೋಗಬೇಕು. ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಅಂಟಿಲ್ಲವೆಂದು ಅರ್ಥ.

"ನೀವು ನೋಡೀರಲ್ಲ ಮಿಸ್ತ್ರಿ, ಸಾಕ್ರಿ," ಎಂದೆ.

"ನಾ ನೋಡಿದ್ರ ಆಗೂದಿಲ್ಲ. ನೀವ ನೋಡ್ರಿ. ನೋಡಿ ಬರದು ಸಹಿ ಮಾಡ್ರಿ."

ಒಂದೊಂದಾಗಿ ನೋಡಿದೆ. ಇಪ್ಪತ್ತಮೂರನೆಯದರಲ್ಲಿ ಬ್ಲೇಡು ಸಿಕ್ಕಿಕೊಂಡಿತು. ಕರೆದೆ. ಅವರು ಹತ್ತಿ ಬಂದು, ಬೆರಳಾಡಿಸಿ, ಉಳಿಯಿಂದ ಎರಡು ಏಟು ಹಾಕಿದರು. ಕಾಳಿನಷ್ಟು ಲೋಹ ಉದುರಿತು. ಬ್ಲೇಡು ಸರಿಯಿತು. ಉಳಿದವನ್ನೂ ಮುಗಿಸಿದೆ.

"ಆತಲ್ರಿ?"

"ಆತ್ರಿ."

ಅವರು ಏಣಿ ಇಳಿದು ಕಿಂಡಿಯಿಂದ ಹೊರಗೆ ಹೋದರು. ಅವರ ನೌಕರಿ ಉಳಿದಿತ್ತು. ಮುಂದೆ ಎರಡು ವರ್ಷ ನಾವು ಅದೇ ವರ್ಕ್‌ಶಾಪಿನಲ್ಲಿದ್ದೆವು, ಆಮೇಲೆ ಅವರು ಗೋವಾ ಕಡೆ ಒಳ್ಳೆಯ ಕೆಲಸ ಸಿಕ್ಕು ಹೋದರು. ಆ ಎರಡು ವರ್ಷವೂ ನನ್ನ ಡ್ರಾಯಿಂಗುಗಳಲ್ಲಿ 'ಮಾಡಬೇಡಿ' ಎಂದೇ ಬರೆದೆ. ಅವರು ಬರೆದಂತೆಯೇ ಮಾಡಿದರು.

ಅವತ್ತು, ಮಿಸ್ತ್ರಿ ಹೊರಗೆ ಹೋದ ಮೇಲೆ, ಮೂವತ್ತು ಜಂತೆಗಳ ಅಂಕಿಗಳ ಮುಂದೆ ಒಂದೊಂದಾಗಿ 'ಸರಿ' ಎಂದು ಬರೆದು, ಕೆಳಗೆ ಸಹಿ ಹಾಕಿ, ಬ್ಯಾಟರಿ ಆರಿಸಿ ಅಟ್ಟಣಿಗೆಯ ಮೇಲೆ ಕೂತೆ. ಹೊರಗೆ ಮಳೆಯ ನಾಲ್ಕು ದಪ್ಪ ಹನಿ ತಗಡಿನ ಮೇಲೆ ಬಿದ್ದವು, ಆಮೇಲೆ ಇನ್ನೂ ನಾಲ್ಕು. ದಿನವಿಡೀ ಕಾದಿದ್ದ ತಗಡು ತಣ್ಣಗಾಗತೊಡಗಿತು. ತಲೆಯ ಮೇಲೆ ಎಲ್ಲೋ ಟಿಕ್ ಎಂದಿತು. ಇನ್ನೊಂದು ಕಡೆ ಟಿಕ್. ತಗಡು ಕುಗ್ಗುತ್ತ ಜಂತೆಗಳ ಮೇಲೆ ಕೂದಲೆಳೆಯಷ್ಟು ಸರಿಯುತ್ತಿತ್ತು. ಬೆಸೆದ ಮಾಡು ಹೀಗೆ ಸದ್ದು ಮಾಡುವುದಿಲ್ಲ. ಮಿಸ್ತ್ರಿಗೆ ಕೇಳಿಸಬೇಕು ಅನ್ನಿಸಿತು. ಅವಸರದಿಂದ ಇಳಿದು ಕಿಂಡಿಯಿಂದ ತಲೆ ಹೊರಗೆ ಹಾಕಿದೆ. ಟ್ರಕ್ಕು ಆಗಲೇ ಗೇಟಿನ ಹತ್ತಿರ ಹೋಗಿತ್ತು. ಅವರು ಹಿಂದೆ, ಮಳೆಗೆ ಗೋಣಿಚೀಲ ಹೊದ್ದು, ಆ ಕಡೆ ಮುಖ ಮಾಡಿ ಕೂತಿದ್ದರು.